ಐವತ್ತಾರರ ಚಾಂಪಿಯನ್

ಫಾರ್ಮುಲಾ ಒನ್ ದಾಖಲೆಗಳ ಪಟ್ಟಿಯಲ್ಲಿ ಇಟಲಿಯ ಗಾಬ್ರಿಯೆಲೆ ತಾರ್ಕ್ವಿನಿ ಅವರ ಹೆಸರು ಒಂದು ಕಡೆ ಮೊದಲ ಸ್ಥಾನದಲ್ಲಿದೆ. ಆ ದಾಖಲೆಯನ್ನು ಮುರಿಯುವುದು ಇನ್ನು ಯಾರಿಂದಲೂ ಆಗದು. ಮುರಿಯಬೇಕೆಂಬ ಆಸೆಯೂ ಯಾರಿಗೂ ಇರಲಿಕ್ಕಿಲ್ಲ. ‘ಪ್ರಿ-ಕ್ವಾಲಿಫೈಯಿಂಗ್’ ಎಂಬ ಮೊದಲ ಜರಡಿಯಲ್ಲೇ 25 ಸಲ ಉದುರಿ ಹೋದವರು ಅವರು. 78 ಗ್ರ್ಯಾನ್ ಪ್ರಿಗಳಿಗೆ ಹೆಸರು ಕೊಟ್ಟು, ನಿಜವಾಗಿ ರೇಸ್ ಶುರು ಮಾಡಿದ್ದು 38ರಲ್ಲಿ. ಇಷ್ಟೂ ವರ್ಷಗಳ ಸಂಪಾದನೆ ಒಂದೇ ಒಂದು ಅಂಕ.

ಇದೇ ಮನುಷ್ಯ 47ನೇ ವಯಸ್ಸಿನಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್ ಆದರು. 56ನೇ ವಯಸ್ಸಿನಲ್ಲಿ ಅದೇ ಕ್ರೀಡೆಯ ವಿಶ್ವಕಪ್ ಎತ್ತಿದರು. ಅದಕ್ಕೂ ಹಿಂದೆ, ಬ್ರಿಟನ್ನಿನ ಚಾಂಪಿಯನ್ ಪಟ್ಟ ಒಂದು, ಯುರೋಪಿನ ಪಟ್ಟ ಒಂದು. ಹಾಗಾದರೆ ಮೊದಲು ಹೇಳಿದ ಚಾಲಕ ನಿಜವೋ, ಆಮೇಲೆ ಹೇಳಿದವರು ನಿಜವೋ? ನನ್ನ ಮಟ್ಟಿಗೆ ಇಬ್ಬರೂ ನಿಜ. ಆದರೆ ಮೊದಲನೆಯ ಲೆಕ್ಕ ಚಾಲಕನದ್ದಲ್ಲ, ಕಾರಿನದು. ಎರಡನೆಯ ಲೆಕ್ಕದಲ್ಲಿ ಚಾಲಕನ ಪಾಲು ಎಷ್ಟು ಎಂದು ಬಿಡಿಸಿ ನೋಡುವುದು ಸ್ವಲ್ಪ ತೊಡಕಿನ ಕೆಲಸ. ಅದಕ್ಕೆ ಟೂರಿಂಗ್ ಕಾರ್ ರೇಸಿನ ಒಳಗಿನ ಲೆಕ್ಕಾಚಾರ ಗೊತ್ತಾಗಬೇಕು.

ಮೊದಲು ಆ ಜರಡಿಯ ಮಾತು ಮುಗಿಸಿಬಿಡೋಣ. 1989ರಲ್ಲಿ ಫಾರ್ಮುಲಾ ಒನ್‌ನಲ್ಲಿ 20 ತಂಡಗಳಿದ್ದವು, 39 ಕಾರುಗಳು. ರೇಸಿನಲ್ಲಿ ಜಾಗ ಇದ್ದದ್ದು 26ಕ್ಕೆ, ಅರ್ಹತಾ ಸುತ್ತಿನಲ್ಲಿ 30ಕ್ಕೆ. ಹೆಚ್ಚಾದ ಬಡ ತಂಡಗಳನ್ನೆಲ್ಲ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಟ್ರ್ಯಾಕಿಗೆ ಬಿಡುತ್ತಿದ್ದರು. ಒಂದೇ ಗಂಟೆ ಅವಧಿ. 13 ಕಾರುಗಳಲ್ಲಿ ಮೊದಲ ನಾಲ್ಕು ಮುಂದಕ್ಕೆ, ಉಳಿದವು ಗಂಟುಮೂಟೆ ಕಟ್ಟಬೇಕು. ಒಂಬತ್ತು ಗಂಟೆಗೆ ಪ್ರೇಕ್ಷಕರು ಗ್ಯಾಲರಿಗೆ ಬಂದು ಕೂರುವಷ್ಟರಲ್ಲಿ ಒಂಬತ್ತು ಚಾಲಕರ ವಾರಾಂತ್ಯ ಮುಗಿದೇ ಹೋಗಿರುತ್ತಿತ್ತು. ಗೇರು ಸಿಕ್ಕಿಹಾಕಿಕೊಂಡರೆ, ಎಂಜಿನ್ ಒಂದೆರಡು ನಿಮಿಷ ಮುನಿಸಿಕೊಂಡರೆ ಅಲ್ಲಿಗೆ ಕಥೆ ಮುಗಿಯಿತು.

ಆಡ್ರಿಯಾಟಿಕ್ ಕಡಲತೀರದ ಜೂಲಿಯಾನೋವಾ ಎಂಬ ಊರಿನಲ್ಲಿ 1962ರ ಮಾರ್ಚ್ 2ರಂದು ಹುಟ್ಟಿದ ತಾರ್ಕ್ವಿನಿ ಕಾರ್ಟಿಂಗ್‌ನಲ್ಲಿ ಹೆಸರು ಮಾಡಿ, ಫಾರ್ಮುಲಾ 3000 ಮೂಲಕ ಮೇಲೆ ಬಂದವರು. 1987ರಲ್ಲಿ ಇಮೋಲಾದಲ್ಲಿ ಒಸೆಲ್ಲಾ ತಂಡದ ಕಾರಿನಲ್ಲಿ ಮೊದಲ ಫಾರ್ಮುಲಾ ಒನ್ ರೇಸ್. ಮರುವರ್ಷ ಕೊಲೋನಿ ಎಂಬ ಇನ್ನೊಂದು ಸಣ್ಣ ತಂಡ. 1989ರ ಋತುವಿಗೆ ಮೊದಲು ಬ್ರೆಜಿಲ್‌ನಲ್ಲಿ ನಡೆದ ಪರೀಕ್ಷಾ ಓಟದಲ್ಲಿ ಎಜಿಎಸ್ ತಂಡದ ಫಿಲಿಪ್ ಸ್ಟ್ರೈಫ್ ಅಪಘಾತಕ್ಕೀಡಾಗಿ ಮತ್ತೆ ನಡೆಯಲಾಗದ ಸ್ಥಿತಿಗೆ ಬಂದರು. ಅವರ ಜಾಗಕ್ಕೆ ತಾರ್ಕ್ವಿನಿ ಹೋದರು. ಎಜಿಎಸ್ ಎಂದರೆ ದಕ್ಷಿಣ ಫ್ರಾನ್ಸಿನ ಗೊನ್‌ಫರೋನ್ ಎಂಬ ಹಳ್ಳಿಯ ಗ್ಯಾರೇಜಿನಿಂದ ಎದ್ದ ತಂಡ. ಫೆರಾರಿ, ಮೆಕ್‌ಲಾರೆನ್‌ಗಳ ಎದುರು ಹಳ್ಳಿ ಗ್ಯಾರೇಜು! ಆ ವರ್ಷ ಮೆಕ್ಸಿಕೋದಲ್ಲಿ ಆರನೆಯವರಾಗಿ ಬಂದು ಪಡೆದ ಒಂದು ಅಂಕವೇ ಅವರ ಜೀವಮಾನದ ಗಳಿಕೆ. ಋತುವಿನ ದ್ವಿತೀಯಾರ್ಧದಿಂದ ಶುಕ್ರವಾರ ಬೆಳಗಿನ ಆ ಪಾಳಿ ಬೆನ್ನಿಗೆ ಬಿತ್ತು. ಆಮೇಲೆ ಫಾಂಡ್‌ಮೆಟಲ್ ತಂಡ. ಅದೂ 1992ರಲ್ಲಿ ಹಣವಿಲ್ಲದೆ ಮುಚ್ಚಿಹೋಯಿತು. 1995ರಲ್ಲಿ ಟಿರೆಲ್ ತಂಡಕ್ಕೆ ಬದಲಿ ಚಾಲಕರಾಗಿ ಒಂದು ರೇಸ್ ಓಡಿಸಿದ್ದು ಬಿಟ್ಟರೆ ಫಾರ್ಮುಲಾ ಒನ್ ಬಾಗಿಲು ಮುಚ್ಚಿದಂತೆಯೇ.

ಇಲ್ಲಿಗೆ ಬಹುತೇಕ ಚಾಲಕರ ಕಥೆ ಮುಗಿಯುತ್ತದೆ. ಊರಿನಲ್ಲಿ ಒಂದು ಕಾರ್ ಶೋರೂಮ್ ತೆರೆಯುವುದೋ, ಟಿವಿಯಲ್ಲಿ ಕೂತು ವಿವರಣೆ ಕೊಡುವುದೋ. ತಾರ್ಕ್ವಿನಿಗೆ 30 ದಾಟಿತ್ತು. ಅವರು ಆಲ್ಫಾ ರೋಮಿಯೋ ಕಂಪನಿಯ ಟೂರಿಂಗ್ ಕಾರ್ ತಂಡ ಸೇರಿದರು.

ಟೂರಿಂಗ್ ಕಾರ್ ಎಂದರೆ ನೋಡಲು ನಮ್ಮ ನಿಮ್ಮ ಮನೆ ಮುಂದೆ ನಿಲ್ಲುವ ಕಾರೇ. ಬಾಗಿಲಿದೆ, ಬಾನೆಟ್ ಇದೆ, ಹೆಡ್‌ಲೈಟ್ ಇದೆ, ಕಂಪನಿಯ ಲಾಂಛನ ಇದೆ. ಒಳಗೆ ಮಾತ್ರ ಎಲ್ಲ ಕಿತ್ತು ಹಾಕಿರುತ್ತಾರೆ: ಸೀಟು ಒಂದೇ, ಸುತ್ತ ಉಕ್ಕಿನ ಪಂಜರ, ಗಟ್ಟಿ ಸಸ್ಪೆನ್ಷನ್, ನುಣುಪು ಟೈರು. ಈ ಕ್ರೀಡೆಯ ಆರ್ಥಿಕತೆ ನಿಂತಿರುವುದೇ ಆ ಹೋಲಿಕೆಯ ಮೇಲೆ. ಭಾನುವಾರ ಗೆದ್ದ ಕಾರನ್ನು ಸೋಮವಾರ ಮಾರಬೇಕು ಎಂಬುದು ಕಂಪನಿಗಳ ಹಳೆಯ ಆಸೆ. ಫಾರ್ಮುಲಾ ಒನ್ ಕಾರನ್ನು ಯಾರೂ ಕೊಳ್ಳಲಾಗದು. ಆಲ್ಫಾ 155 ಅನ್ನು ಕೊಳ್ಳಬಹುದು. ಹಾಗಾಗಿ ರೇಸಿನ ನಿಯಮಗಳೂ ಮಾರುಕಟ್ಟೆಗೆ ಕಟ್ಟುಬಿದ್ದಿರುತ್ತವೆ: ಇಂತಿಷ್ಟು ಸಾವಿರ ಕಾರು ಮಾರಾಟಕ್ಕೆ ತಯಾರಾಗಿದ್ದರೆ ಮಾತ್ರ ಆ ಮಾದರಿ ರೇಸಿಗೆ ಅರ್ಹ. ಇದಕ್ಕೆ ಹೋಮೊಲಾಗೇಷನ್ ಎನ್ನುತ್ತಾರೆ. ಕೇಳಲು ಸರ್ಕಾರಿ ಕಚೇರಿಯ ದಾಖಲೆ ಪರಿಶೀಲನೆಯಂತಿದೆ, ಇರುವುದೂ ಹಾಗೇ. ಅನೇಕ ಚಾಂಪಿಯನ್‌ಷಿಪ್‌ಗಳ ಹಣೆಬರಹ ಬರೆದದ್ದು ಈ ಕಾಗದಗಳು.

1994ರ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಅದಕ್ಕೆ ಒಳ್ಳೆಯ ಉದಾಹರಣೆ. ಎರಡು ಲೀಟರ್ ಎಂಜಿನ್, ಟರ್ಬೊ ಇಲ್ಲ, ಕನಿಷ್ಠ ನಾಲ್ಕು ಬಾಗಿಲಿನ ಕಾರು. ನಿಯಮ ಸರಳ, ಜಗಳ ಜೋರು. ಬಿಬಿಸಿಯಲ್ಲಿ ಮರ್ರಿ ವಾಕರ್ ಕಾಮೆಂಟರಿ ಹೇಳುತ್ತಿದ್ದ ಕಾಲ ಅದು. ಫೋರ್ಡ್, ಬಿಎಂಡಬ್ಲ್ಯು, ರೆನೊ, ಟೊಯೊಟಾ, ವಾಕ್ಸಾಲ್, ವೋಲ್ವೊ ಎಲ್ಲವೂ ಕಣದಲ್ಲಿದ್ದವು. ವೋಲ್ವೊ ಅಂತೂ ಆ ವರ್ಷ ಹಿಂದೆ ಉದ್ದ ಡಿಕ್ಕಿಯಿರುವ ಎಸ್ಟೇಟ್ ಕಾರನ್ನೇ ರೇಸಿಗಿಳಿಸಿ ಜನರನ್ನು ನಗಿಸಿತ್ತು. ಅಲ್ಲಿಗೆ ಆಲ್ಫಾ 155 ಕಾರಿನೊಂದಿಗೆ ಬಂದ ತಾರ್ಕ್ವಿನಿ ಮೊದಲ ಐದು ರೇಸ್‌ಗಳನ್ನೂ ಗೆದ್ದರು. ಉಳಿದವರ ಕಣ್ಣು ಕಾರಿನ ಹಿಂಬದಿಗೆ ಹೋಯಿತು. ಅಲ್ಲೊಂದು ರೆಕ್ಕೆ, ಮುಂದೆ ನೆಲಕ್ಕೆ ಹತ್ತಿರವಾಗಿ ಚಾಚಿದ ತುಟಿಯಂಥ ಪಟ್ಟಿ.

ಗಾಳಿಯನ್ನು ಮೇಲಕ್ಕೆ ಚಿಮ್ಮಿಸುವ ರೆಕ್ಕೆಯಿದ್ದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಒತ್ತಿದಷ್ಟೂ ಟೈರಿನ ಹಿಡಿತ ಹೆಚ್ಚು, ತಿರುವಿನಲ್ಲಿ ವೇಗ ಹೆಚ್ಚು. ಎಲ್ಲ ಕಾರುಗಳ ಶಕ್ತಿಯೂ ಸುಮಾರಾಗಿ ಒಂದೇ ಇರುವ ಕಡೆ ಇಂಥ ಸಣ್ಣ ಸೌಕರ್ಯವೇ ಸುತ್ತಿಗೆ ಅರ್ಧ ಸೆಕೆಂಡು ತಂದುಕೊಡಬಲ್ಲದು. ರೆಕ್ಕೆ ಮಾರಾಟದ ಕಾರಿನಲ್ಲೂ ಇದ್ದರೆ ರೇಸಿನಲ್ಲಿ ಇರಬಹುದು ಎಂದಿತ್ತು ನಿಯಮ. ಆಲ್ಫಾ ಏನು ಮಾಡಿತು? ‘ಸಿಲ್ವರ್‌ಸ್ಟೋನ್’ ಎಂಬ ವಿಶೇಷ ಮಾದರಿಯ 2,500 ಕಾರುಗಳನ್ನು ತಯಾರಿಸಿತು. ರೆಕ್ಕೆಯನ್ನು ಎತ್ತರಿಸುವ ತುಂಡುಗಳನ್ನು ಜೋಡಿಸಿ ಕೊಡಲಿಲ್ಲ. ಬಿಡಿಭಾಗಗಳಾಗಿ ಕಾರಿನ ಡಿಕ್ಕಿಯೊಳಗೆ ಇಟ್ಟು ಮಾರಿತು. ಕೊಂಡವರು ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ! ಕಾಗದದ ಮೇಲೆ ಎಲ್ಲ ಸರಿ. ಬ್ರಿಟನ್ನಿನ ತಂಡಗಳಿಗೆ ಮಾತ್ರ ಮೈ ಉರಿಯಿತು.

ದೂರು ಹೋಯಿತು. ಓಲ್ಟನ್ ಪಾರ್ಕ್‌ನಲ್ಲಿ ಅಧಿಕಾರಿಗಳು ರೆಕ್ಕೆಯನ್ನು ಇಳಿಸಿ ಓಡಿಸಿ ಎಂದರು. ಆಲ್ಫಾ ತಂಡ ಕಾರುಗಳನ್ನು ಲಾರಿಗೆ ಹತ್ತಿಸಿಕೊಂಡು ಸರ್ಕ್ಯೂಟ್ ಬಿಟ್ಟು ಹೊರಟೇ ಹೋಯಿತು. ಅಂಕಪಟ್ಟಿಯಲ್ಲಿ ಮುಂದಿರುವ ಚಾಲಕ ರೇಸಿಗೇ ಇಲ್ಲ. ಆಮೇಲೆ ಮೇಲ್ಮನವಿ, ಮಾತುಕತೆ, ರಾಜಿ. ತಾರ್ಕ್ವಿನಿ ವಾಪಸಾದರು. ನಾಕ್‌ಹಿಲ್‌ನಲ್ಲಿ ಅವರ ಕಾರು ಪಲ್ಟಿ ಹೊಡೆದದ್ದೂ ಅದೇ ವರ್ಷ. ಕೊನೆಗೆ ರೆನೊದ ಆಲನ್ ಮೆನು ಅವರನ್ನು ಹಿಂದಿಕ್ಕಿ ಪಟ್ಟ ಗೆದ್ದರು. ಮರುವರ್ಷದಿಂದ ಎಲ್ಲ ಕಾರುಗಳಿಗೂ ರೆಕ್ಕೆಗೆ ಅನುಮತಿ ಸಿಕ್ಕಿತು. ಎಲ್ಲರಿಗೂ ಸಿಕ್ಕ ಮೇಲೆ ಅದರಿಂದ ಯಾರಿಗೂ ವಿಶೇಷ ಲಾಭವಿಲ್ಲ, ಎಲ್ಲರಿಗೂ ವಿಶೇಷ ಖರ್ಚು. ಆ ಖರ್ಚಿನ ಪೈಪೋಟಿ ಏರುತ್ತಾ ಹೋಗಿ 2000ದ ಹೊತ್ತಿಗೆ ಬ್ರಿಟಿಷ್ ಸರಣಿಯಲ್ಲಿ ಉಳಿದದ್ದು ಮೂರೇ ಕಂಪನಿಗಳ ತಂಡ. ಆಗ ಹೋಂಡಾ ಪರವಾಗಿ ಓಡಿಸುತ್ತಿದ್ದವರಲ್ಲಿ ತಾರ್ಕ್ವಿನಿಯೂ ಒಬ್ಬರು.

1994ರ ಪಟ್ಟ ರೆಕ್ಕೆಯದ್ದೋ ಚಾಲಕನದ್ದೋ ಎಂಬ ಜಗಳ ಇನ್ನೂ ಹಳೆಯ ಅಭಿಮಾನಿಗಳ ನಡುವೆ ಇದೆ. ಅದೇ ಕಾರಿನಲ್ಲಿದ್ದ ಸಹಚಾಲಕ ಜಾಂಪಿಯೆರೊ ಸಿಮೋನಿ ಎಷ್ಟು ದೂರದಲ್ಲಿದ್ದರು ಎಂದು ನೋಡಿದರೆ ಉತ್ತರ ಸಿಗುತ್ತದೆ ಎಂದು ನನಗನಿಸುತ್ತದೆ. ಮೋಟಾರು ರೇಸಿನಲ್ಲಿ ಚಾಲಕನನ್ನು ಅಳೆಯಲು ಇರುವ ನಂಬಿಕಸ್ಥ ಮಾನದಂಡ ಅದೊಂದೇ: ಪಕ್ಕದ ಗ್ಯಾರೇಜಿನಲ್ಲಿ ಅದೇ ಕಾರಿಟ್ಟುಕೊಂಡವನು ಏನು ಮಾಡಿದ?

ಈಗ ಚಾಲನೆಯ ವಿಷಯಕ್ಕೆ ಬರೋಣ. ತಾರ್ಕ್ವಿನಿ ತಮ್ಮ ನಾಲ್ಕು ದೊಡ್ಡ ಪಟ್ಟಗಳನ್ನೂ ಗೆದ್ದದ್ದು ಮುಂಚಕ್ರ ಚಾಲನೆಯ ಕಾರುಗಳಲ್ಲಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ಅಂದರೆ ಎರಡು ಮುಂದಿನ ಟೈರುಗಳು ಕಾರನ್ನು ಎಳೆಯಬೇಕು, ತಿರುಗಿಸಬೇಕು, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರವನ್ನೂ ಹೊರಬೇಕು. ಹಿಂದಿನ ಎರಡು ಸುಮ್ಮನೆ ಹಿಂಬಾಲಿಸುತ್ತವೆ. ದುಡಿಯುವವರು ಇಬ್ಬರು, ಉಣ್ಣುವವರು ನಾಲ್ವರು ಇರುವ ಮನೆಯ ಹಾಗೆ. ಫಾರ್ಮುಲಾ ಕಾರಿನಿಂದ ಬಂದ ಚಾಲಕ ಅಭ್ಯಾಸಬಲದಿಂದ ತಿರುವಿನ ಮಧ್ಯದಲ್ಲೇ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಟೈರು ತಿರುಗಲೂ ಆಗದೆ ಎಳೆಯಲೂ ಆಗದೆ ಜಾರಿ, ಕಾರು ಟ್ರ್ಯಾಕಿನ ಹೊರಅಂಚಿಗೆ ಹೋಗುತ್ತದೆ. ಎಂಟು ಹತ್ತು ಸುತ್ತು ಹೀಗೆ ಹಿಂಸಿಸಿದರೆ ಟೈರು ಕಾದು ಕೈಚೆಲ್ಲುತ್ತದೆ.

ಬಲ್ಲವರು ಕಾರನ್ನು ತಿರುಗಿಸುವುದು ಸ್ಟೇರಿಂಗಿನಿಂದಲ್ಲ, ಬ್ರೇಕಿನಿಂದ. ತಿರುವು ಬರುವ ಮುಂಚೆ ಎಡಗಾಲಿನಿಂದ ಜೋರಾಗಿ ಬ್ರೇಕ್ ಒತ್ತಿ, ತಿರುವಿನೊಳಗೆ ನುಗ್ಗುವಾಗಲೂ ಅದನ್ನು ಪೂರ್ತಿ ಬಿಡದೆ, ಕೂದಲೆಳೆಯಷ್ಟು ಒತ್ತಡ ಉಳಿಸಿಕೊಳ್ಳುತ್ತಾರೆ. ಆಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಬದಿ ಹಗುರವಾಗುತ್ತದೆ. ಹಗುರವಾದ ಹಿಂಬದಿ ತಾನಾಗಿ ಹೊರಕ್ಕೆ ಜಾರಿ ಕಾರಿನ ಮೂತಿಯನ್ನು ಒಳಕ್ಕೆ ತೋರಿಸುತ್ತದೆ. ಮೂತಿ ನೇರವಾದ ಕೂಡಲೇ ಆಕ್ಸಿಲರೇಟರ್. ಒಂದು ಕ್ಷಣ ಮೊದಲು ಬ್ರೇಕ್ ಬಿಟ್ಟರೆ ಕಾರು ತಿರುಗದು, ಒಂದು ಕ್ಷಣ ತಡವಾದರೆ ಗಿರಗಿಟ್ಲೆ. ಅದರಲ್ಲೂ ಮೊದಲ ಸುತ್ತಿನಲ್ಲಿ, ಮುಂದಿನ ಟೈರು ಆಗಲೇ ಬಿಸಿಯಾಗಿ ಹಿಂದಿನದು ಇನ್ನೂ ತಣ್ಣಗಿರುವಾಗ, ಸುತ್ತಲೂ ಇಪ್ಪತ್ತು ಕಾರುಗಳು ಬಂಪರಿಗೆ ಬಂಪರ್ ತಾಗಿಸಿಕೊಂಡು ನುಗ್ಗುತ್ತಿರುವಾಗ, ಈ ಕೆಲಸ ಎಷ್ಟು ನಾಜೂಕು ಎಂದು ಊಹಿಸಿ. ಈ ವಿದ್ಯೆ ತೋಳ್ಬಲದ್ದಲ್ಲ, ಪಾದದ್ದು. ಪಾದಕ್ಕೆ ವಯಸ್ಸಾಗುವುದು ನಿಧಾನ. 25ರ ಹರೆಯದವರ ಜತೆ 50 ದಾಟಿದವರೂ ಇಲ್ಲಿ ಸೆಣಸಲು ಆಗುವುದಕ್ಕೆ ಇದೂ ಒಂದು ಕಾರಣ. ಫಾರ್ಮುಲಾ ಒನ್‌ನಲ್ಲಿ ಕುತ್ತಿಗೆ ಮೇಲೆ ಬೀಳುವ ಒತ್ತಡವೂ ಇಲ್ಲಿ ಇಲ್ಲ.

ಇನ್ನೊಂದು ವಿಚಿತ್ರ ಈ ಕ್ರೀಡೆಯದು: ಗೆದ್ದವರಿಗೆ ಶಿಕ್ಷೆ. ಚೆನ್ನಾಗಿ ಓಡಿದರೆ ಮುಂದಿನ ಸ್ಪರ್ಧೆಗೆ ಕಾರಿನಲ್ಲಿ ಸೀಸದ ತೂಕ ಇಡುತ್ತಾರೆ. ಐವತ್ತು ಅರವತ್ತು ಕೆ.ಜಿ. ಹೆಚ್ಚಾದರೆ ಅಷ್ಟೇನು ಎನಿಸಬಹುದು. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡುವ ಸ್ಪರ್ಧೆ ಅದು. ಬ್ರೇಕಿಂಗ್ ದೂರ ಹೆಚ್ಚುತ್ತದೆ, ಟೈರು ಬೇಗ ಸವೆಯುತ್ತದೆ. ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ದಿನ ಎರಡು ರೇಸ್ ಇರುತ್ತಿದ್ದವು. ಮೊದಲನೆಯದರಲ್ಲಿ ಮುಂದೆ ಬಂದ ಎಂಟು ಮಂದಿಯನ್ನು ಎರಡನೆಯದರಲ್ಲಿ ಉಲ್ಟಾ ಕ್ರಮದಲ್ಲಿ ನಿಲ್ಲಿಸುತ್ತಿದ್ದರು. ಎಂಟನೆಯವನು ಮುಂದೆ, ಗೆದ್ದವನು ಎಂಟನೇ ಜಾಗಕ್ಕೆ. ಮೊದಲ ರೇಸ್ ಓಡುತ್ತಲೇ ಶುರುವಾದರೆ, ಎರಡನೆಯದು ನಿಂತಲ್ಲಿಂದ ಶುರು. ನಿಂತಲ್ಲಿಂದ ಹೊರಡುವಾಗ ಭಾರ ಹಿಂದಕ್ಕೆ ವಾಲುವುದರಿಂದ ಹಿಂಚಕ್ರ ಚಾಲನೆಯ ಬಿಎಂಡಬ್ಲ್ಯುಗಳು ಚಿಮ್ಮಿ ಹೋಗುತ್ತಿದ್ದವು, ತಾರ್ಕ್ವಿನಿಯವರ ಕಾರಿನಂಥವು ಚಕ್ರ ಗಿರ್ರನೆ ತಿರುಗಿಸುತ್ತಾ ತಡವರಿಸುತ್ತಿದ್ದವು.

ಕ್ರೀಡೆ ಎಂದರೆ ಶ್ರೇಷ್ಠರು ಗೆಲ್ಲಬೇಕು ಎಂಬ ಸಾಮಾನ್ಯ ನಂಬಿಕೆಗೆ ಇದು ಅವಮಾನವೆಂದು ವಾದಿಸುವವರಿದ್ದಾರೆ. ಟಿವಿಯವರಿಗಾಗಿ ಮಾಡಿದ ಸರ್ಕಸ್ ಎಂಬ ಆರೋಪದಲ್ಲಿ ಹುರುಳಿಲ್ಲದಿಲ್ಲ. ಆದರೂ ನನಗೆ ಇದರಲ್ಲಿ ಒಂದು ಬಗೆಯ ನ್ಯಾಯ ಕಾಣುತ್ತದೆ. ಕಾರೇ ಎಲ್ಲವನ್ನೂ ನಿರ್ಧರಿಸುವ ಆಟದಲ್ಲಿ, ಒಳ್ಳೆಯ ಕಾರನ್ನು ಬೇಕೆಂದೇ ಸ್ವಲ್ಪ ಕೆಡಿಸಿ ಚಾಲಕನ ಕೈಗೆ ಕೊಡುವುದು. ತೂಕ ಹೊತ್ತು, ಎಂಟನೆಯ ಜಾಗದಿಂದ ಹೊರಟು, ಗೆಲ್ಲಲಾಗದ ದಿನ ನಾಲ್ಕನೆಯವನಾಗಿ ಬರುವುದು. ಕೆಟ್ಟ ದಿನದಂದೂ ಕಾರನ್ನು ಗೋಡೆಗೆ ಗುದ್ದಿಸದೆ ಮನೆಗೆ ತರುವುದು. ಇಲ್ಲಿನ ಚಾಂಪಿಯನ್ ವರ್ಷವಿಡೀ ಮಾಡುವುದು ಈ ಲೆಕ್ಕವನ್ನೇ. ಎಜಿಎಸ್ ಕಾರಿನ ಜತೆ ಏಗಿದ ವರ್ಷಗಳು ತಾರ್ಕ್ವಿನಿಗೆ ಇದನ್ನು ಕಲಿಸಿದ್ದಿರಬಹುದು. ಕೆಟ್ಟ ಕಾರಿನಲ್ಲಿ ಕೂತವನಿಗೆ ತಾಳ್ಮೆ ಬಿಟ್ಟರೆ ಬೇರೆ ಏನು ತಾನೆ ಉಳಿದಿರುತ್ತದೆ?

2003ರಲ್ಲಿ ಆಲ್ಫಾ 156 ಕಾರಿನಲ್ಲಿ ಯುರೋಪಿಯನ್ ಪಟ್ಟ ಗೆದ್ದ ಅವರು, ಆ ಸರಣಿಯೇ 2005ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಗಿ ಬದಲಾದಾಗಲೂ ಇದ್ದರು. 2006ರಲ್ಲಿ ಸ್ಪೇನಿನ ಸೆಯಾಟ್ ಕಂಪನಿಗೆ ಹೋದರು. ಅಲ್ಲಿ ಅವರ ಪಕ್ಕದ ಕಾರಿನಲ್ಲಿ ಕೂತವರು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಇವಾನ್ ಮುಲ್ಲರ್. ತಾರ್ಕ್ವಿನಿಗಿಂತ ಏಳು ವರ್ಷ ಕಿರಿಯರು, 2003ರ ಬ್ರಿಟಿಷ್ ಚಾಂಪಿಯನ್. ಮುಂದಿನ ಹತ್ತು ಹನ್ನೆರಡು ವರ್ಷ ಈ ಇಬ್ಬರ ಕಥೆ ಹೆಣೆದುಕೊಂಡೇ ಸಾಗುತ್ತದೆ.

ಸೆಯಾಟ್ ಒಂದು ಜಾಣ ಹೆಜ್ಜೆ ಇಟ್ಟಿತು. ರೇಸಿಗೆ ಡೀಸೆಲ್ ಎಂಜಿನ್! 2007ರಲ್ಲಿ ಬಂದ ಲಿಯೋನ್ ಟಿಡಿಐ ಕಾರು ಸದ್ದು ಕಡಿಮೆ ಮಾಡುತ್ತಿತ್ತು, ತಿರುವಿನಿಂದ ಹೊರಬರುವಾಗ ಟರ್ಬೊ ಡೀಸೆಲ್ಲಿನ ಎಳೆತಕ್ಕೆ ಪೆಟ್ರೋಲ್ ಕಾರುಗಳು ಸಾಟಿಯಾಗುತ್ತಿರಲಿಲ್ಲ. ಎದುರಾಳಿಗಳಿಂದ ಮತ್ತೆ ದೂರು, ಮತ್ತೆ ತಿದ್ದುಪಡಿ. 2008ರಲ್ಲಿ ಮುಲ್ಲರ್ ಚಾಂಪಿಯನ್, ತಾರ್ಕ್ವಿನಿ ಎರಡನೆಯವರು. 2009ರಲ್ಲಿ ಅದು ತಿರುಗುಮುರುಗಾಯಿತು. ವರ್ಷದ ಕೊನೆಯ ಸುತ್ತು ಮಕಾವ್‌ನಲ್ಲಿ. ಕಡಲ ಪಕ್ಕದ ಅಗಲ ರಸ್ತೆಯಲ್ಲಿ ಪೂರ್ಣ ವೇಗದಲ್ಲಿ ಹೋಗಿ ಲಿಸ್ಬೋವಾ ತಿರುವಿನಲ್ಲಿ ಬಲಕ್ಕೆ ಹೊರಳಿದರೆ, ಆಮೇಲೆ ಗುಡ್ಡದ ಮೇಲಿನ ಗಲ್ಲಿಗಳು. ಎರಡೂ ಕಡೆ ತಗಡಿನ ತಡೆಗೋಡೆ, ತಪ್ಪಿದರೆ ಓಡಿಹೋಗಲು ಹುಲ್ಲಿನ ಅಂಚೂ ಇಲ್ಲ. ಮೆಲ್ಕೊ ಎಂಬ ತಿರುವಂತೂ ಎರಡು ಕಾರು ಒಟ್ಟಿಗೆ ಹೋಗಲಾರದಷ್ಟು ಇಕ್ಕಟ್ಟು. ಆರು ಕಿಲೋಮೀಟರ್ ದಾಟುವ ಈ ದಾರಿಯಲ್ಲಿ ಒಬ್ಬನ ಕಾರು ಅಡ್ಡ ನಿಂತರೆ ಹಿಂದಿನವರೆಲ್ಲ ಬಂದು ಸಾಲಾಗಿ ಗುದ್ದುವುದು ಮಾಮೂಲು. 2009ರ ನವೆಂಬರ್ 22ರಂದು ಅಲ್ಲಿ ಲೆಕ್ಕ ಮುಗಿದಾಗ ತಾರ್ಕ್ವಿನಿಗೆ 127 ಅಂಕ, ಮುಲ್ಲರ್‌ಗೆ 123.

ಆ ದಿನ ಅವರ ವಯಸ್ಸು 47 ವರ್ಷ, 265 ದಿನ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ವಿಶ್ವ ಚಾಂಪಿಯನ್‌ಗಳಲ್ಲಿ ಅಲ್ಲಿಯವರೆಗೆ ಅತಿ ಹಿರಿಯರು ಎನಿಸಿದ್ದವರು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ. 1957ರಲ್ಲಿ ಐದನೇ ಫಾರ್ಮುಲಾ ಒನ್ ಪಟ್ಟ ಗೆದ್ದಾಗ ಅವರಿಗೆ 46. ಐದು ಪಟ್ಟದ ದಂತಕಥೆಯ ದಾಖಲೆಯನ್ನು ಒಂದೇ ಅಂಕದ ಫಾರ್ಮುಲಾ ಒನ್ ಚಾಲಕ ಮುರಿದದ್ದು ತಮಾಷೆಯಾಗಿ ಕಾಣಬಹುದು. ನನಗದು ತಮಾಷೆ ಎನಿಸುವುದಿಲ್ಲ.

ಪಟ್ಟ ಗೆದ್ದ ಬೆನ್ನಿಗೇ ಸೆಯಾಟ್ ಕಂಪನಿ ನೇರ ಸ್ಪರ್ಧೆಯಿಂದ ಹಿಂದೆ ಸರಿಯಿತು. ಟೂರಿಂಗ್ ಕಾರ್ ಚಾಲಕನ ಬದುಕಿನ ಅತಂತ್ರ ಇದು. ವಿಶ್ವ ಚಾಂಪಿಯನ್ ಆದರೂ ಮರುವರ್ಷ ಕಾರಿರುತ್ತದೆ ಎಂಬ ಭರವಸೆ ಇಲ್ಲ. ಮಾರಾಟ ವಿಭಾಗದ ಸಭೆಯಲ್ಲಿ ಯಾರೋ ಒಂದು ಸಾಲು ಅಳಿಸಿದರೆ ತಂಡವೇ ಮಾಯ. 2010ರಲ್ಲಿ ಖಾಸಗಿ ತಂಡದ ಅದೇ ಸೆಯಾಟ್‌ನಲ್ಲಿ ಓಡಿ ಎರಡನೆಯವರಾದರು. ಗೆದ್ದವರು ಷೆವರ್ಲೆಗೆ ಹೋಗಿದ್ದ ಮುಲ್ಲರ್. 2013ರಲ್ಲಿ ಹೋಂಡಾ ಸಿವಿಕ್ ಕಾರಿನಲ್ಲಿ ಮತ್ತೆ ಎರಡನೆಯವರು. ಗೆದ್ದವರು ಮತ್ತದೇ ಮುಲ್ಲರ್. 2016ರಲ್ಲಿ ರಷ್ಯಾದ ಲಾಡಾ ಕಂಪನಿಗೂ ರೇಸ್ ಗೆದ್ದುಕೊಟ್ಟರು. ಆ ವರ್ಷದ ಕೊನೆಗೆ ಲಾಡಾ ಕೂಡ ಅಂಗಡಿ ಮುಚ್ಚಿತು. ತಾರ್ಕ್ವಿನಿಗೆ ಆಗ 54.

2017ರಲ್ಲಿ ಅವರಿಗೆ ರೇಸ್ ಇರಲಿಲ್ಲ ಎಂದೇ ಹೇಳಬೇಕು. ಬದಲಿಗೆ ಒಂದು ಕೆಲಸ ಸಿಕ್ಕಿತು. ಹ್ಯುಂಡೈ ಕಂಪನಿ ಐ30 ಎನ್ ಎಂಬ ಹೊಸ ರೇಸ್ ಕಾರು ತಯಾರಿಸುತ್ತಿತ್ತು. ಅದನ್ನು ಓಡಿಸಿ, ತಪ್ಪು ಹೇಳಿ, ತಿದ್ದಿಸಿ, ಮತ್ತೆ ಓಡಿಸುವ ಪರೀಕ್ಷಕ ಹುದ್ದೆ. ಟಿಸಿಆರ್ ಎಂಬ ಹೊಸ ನಿಯಮಾವಳಿ ಆ ಹೊತ್ತಿಗೆ ಜೋರಾಗಿ ಹಬ್ಬುತ್ತಿತ್ತು. ಎರಡು ಲೀಟರ್ ಟರ್ಬೊ ಎಂಜಿನ್, ಸುಮಾರು 350 ಅಶ್ವಶಕ್ತಿ, ಮುಂಚಕ್ರ ಚಾಲನೆ. ಕಂಪನಿ ಕಾರು ತಯಾರಿಸಿ ಯಾರು ಕೇಳಿದರೂ ಮಾರಬೇಕು, ತಾನೇ ನೇರವಾಗಿ ಕಣಕ್ಕಿಳಿಯುವಂತಿಲ್ಲ. ಒಂದು ಮಾದರಿ ಉಳಿದವುಗಳಿಗಿಂತ ವೇಗವಾದರೆ ಅದರ ತೂಕ ಹೆಚ್ಚಿಸುತ್ತಾರೆ, ನೆಲದಿಂದ ಎತ್ತರ ಹೆಚ್ಚಿಸುತ್ತಾರೆ, ಎಂಜಿನ್ ಶಕ್ತಿ ಇಳಿಸುತ್ತಾರೆ. ಇಟಲಿಯ ಮಾರ್ಚೆಲ್ಲೊ ಲೊಟ್ಟಿ ಹುಟ್ಟುಹಾಕಿದ ಈ ವ್ಯವಸ್ಥೆ 1994ರ ಖರ್ಚಿನ ಹುಚ್ಚಿಗೆ ಕೊಟ್ಟ ಔಷಧಿ ಎನ್ನಬಹುದು. 2017ರ ಅಕ್ಟೋಬರ್‌ನಲ್ಲಿ ಚೀನಾದ ಝೆಜಿಯಾಂಗ್‌ನಲ್ಲಿ ಆ ಕಾರು ಮೊದಲ ಬಾರಿ ಸ್ಪರ್ಧೆಗಿಳಿದು ಮೊದಲ ವಾರಾಂತ್ಯದಲ್ಲೇ ಗೆದ್ದಿತು, ತಾರ್ಕ್ವಿನಿ ಕೈಯಲ್ಲಿ. ಇನ್ನೊಂದು ಕಾರನ್ನು ಓಡಿಸಿದವರು ಯಾರು ಗೊತ್ತೆ? ಆಲನ್ ಮೆನು. 1994ರಲ್ಲಿ ರೆಕ್ಕೆಯ ಆಲ್ಫಾವನ್ನು ಅಟ್ಟಿಸಿಕೊಂಡು ಹೋಗಿದ್ದ ಅದೇ ಸ್ವಿಸ್ ಚಾಲಕ.

ಆ ವರ್ಷವೇ ಹಳೆಯ ವಿಶ್ವ ಚಾಂಪಿಯನ್‌ಷಿಪ್ ಕಾರುಗಳ ಅಭಾವದಿಂದ ನಿಂತುಹೋಗಿ, 2018ರಿಂದ ಟಿಸಿಆರ್ ಕಾರುಗಳ ವಿಶ್ವಕಪ್ ಆಯಿತು. ಹತ್ತು ಊರು, ಊರಿಗೆ ಮೂರರಂತೆ 30 ರೇಸ್. ಇಟಲಿಯ ಬಿಆರ್‌ಸಿ ತಂಡದ ಐ30ಯಲ್ಲಿ ತಾರ್ಕ್ವಿನಿ. ಅದೇ ಐ30 ಕಾರನ್ನು ಕೊಂಡು, ಸ್ವಂತ ತಂಡ ಕಟ್ಟಿಕೊಂಡು, ನಿವೃತ್ತಿಯಿಂದ ವಾಪಸು ಬಂದಿದ್ದರು ಇವಾನ್ ಮುಲ್ಲರ್! ತಾರ್ಕ್ವಿನಿ ತಿದ್ದಿ ತೀಡಿದ ಕಾರಿನಲ್ಲೇ ಮುಲ್ಲರ್ ಅವರನ್ನು ಬೆನ್ನಟ್ಟುವ ಪ್ರಸಂಗ. ಮೊರೊಕ್ಕೊದ ಮರಕೇಶ್‌ನಲ್ಲಿ ಮೊದಲ ಸುತ್ತಿನಲ್ಲೇ ತಾರ್ಕ್ವಿನಿ ಗೆದ್ದದ್ದು ನೋಡಿ ಇತರರು ಹ್ಯುಂಡೈಗೆ ಅತಿಯಾದ ಅನುಕೂಲವಾಗಿದೆ ಎಂದು ಬೊಬ್ಬೆ ಹಾಕಿದರು. ಕಾರಿನ ಮೇಲೆ ನಿರ್ಬಂಧಗಳೂ ಬಂದವು. ಕೊನೆಯ ಸುತ್ತು ಮತ್ತೆ ಮಕಾವ್. ಮುನ್ನಡೆಯೊಂದಿಗೆ ಬಂದಿದ್ದ ತಾರ್ಕ್ವಿನಿ ಅಲ್ಲಿ ಗೆಲ್ಲಲು ಹೋಗಲೇ ಇಲ್ಲ. ಮುಲ್ಲರ್ ಮುಂದೆ ಮುಂದೆ ಬಂದು ಅಂತರ ಕರಗಿಸುತ್ತಿದ್ದರೂ ಇವರು ಗುಂಪಿನ ನಡುವೆ ಗೋಡೆಗೆ ತಾಗದಂತೆ, ಯಾರ ಜತೆಗೂ ಜಗಳಕ್ಕೆ ಹೋಗದೆ ಕಾರನ್ನು ನಡೆಸಿಕೊಂಡು ಬಂದರು. 306 ಅಂಕ, ಮುಲ್ಲರ್‌ಗೆ 303. 30 ರೇಸ್‌ಗಳ ಕೊನೆಗೆ ಮೂರೇ ಅಂಕ.

ಒಂದು ತಕರಾರನ್ನು ಹೇಳಿಬಿಡಬೇಕು. ಶಾಸ್ತ್ರ ಹಿಡಿದು ನೋಡಿದರೆ 2018ರದ್ದು ವಿಶ್ವಕಪ್, ವಿಶ್ವ ಚಾಂಪಿಯನ್‌ಷಿಪ್ ಅಲ್ಲ. ಹಾಗಾಗಿ ತಾರ್ಕ್ವಿನಿಯವರನ್ನು ಎರಡು ಬಾರಿ ವಿಶ್ವ ಚಾಂಪಿಯನ್ ಎಂದು ಬರೆಯುವವರು ಸ್ವಲ್ಪ ಉದಾರಿಗಳು. ಸ್ಪರ್ಧೆಯ ಗುಣಮಟ್ಟ ನೋಡಿದರೆ ಮಾತ್ರ 2018ರದ್ದೇ ಹೆಚ್ಚು ಗಟ್ಟಿ. 2009ರಲ್ಲಿ ಹೊರಗಿನ ಎದುರಾಳಿಗಳ ಮುಂದೆ ಅವರಿಗೆ ಡೀಸೆಲ್ಲಿನ ಬೆಂಬಲವಿತ್ತು. 2018ರಲ್ಲಿ ಬೆನ್ನಟ್ಟಿ ಬಂದ ಮುಲ್ಲರ್ ಕೈಯಲ್ಲೂ ಅದೇ ಕಾರಿತ್ತು, ಮುಲ್ಲರ್ ಏಳು ವರ್ಷ ಚಿಕ್ಕವರು ಬೇರೆ.

ನಮ್ಮಲ್ಲಿ ಮೋಟಾರು ರೇಸ್ ಎಂದರೆ ಈಗಲೂ ಫಾರ್ಮುಲಾ ಒನ್ ಕನಸೇ. ಬೆಂಗಳೂರಿನ ಅರ್ಜುನ್ ಮೈನಿ ಆ ಏಣಿಯಲ್ಲಿ ಫಾರ್ಮುಲಾ 2ರವರೆಗೆ ಹತ್ತಿ, 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸತೊಡಗಿದಾಗ, ಅದನ್ನು ಒಂದು ಮೆಟ್ಟಿಲು ಇಳಿದಂತೆ ನೋಡಿದವರೇ ಹೆಚ್ಚು. ಡಿಟಿಎಂ ಹುಟ್ಟಿದ್ದು ಟೂರಿಂಗ್ ಕಾರ್ ಸರಣಿಯಾಗಿ, ಈಗ ಅಲ್ಲಿ ಓಡುವುದು ಜಿಟಿ3 ಕಾರುಗಳು. ಆದರೂ ಮನೋಧರ್ಮ ಅದೇ. ಅಲ್ಲಿ ಸಂಬಳ ಕೊಟ್ಟು ಓಡಿಸುವ ಕಂಪನಿಗಳಿವೆ. ಫಾರ್ಮುಲಾ ಕಾರುಗಳ ಏಣಿಯಲ್ಲಾದರೆ ಚಾಲಕನೇ ಹಣ ತಂದು ಸೀಟು ಕೊಳ್ಳಬೇಕಾದ ಸಂದರ್ಭವೇ ಹೆಚ್ಚು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಗಳಲ್ಲೂ ‘ಇಂಡಿಯನ್ ಟೂರಿಂಗ್ ಕಾರ್ಸ್’ ವಿಭಾಗವಿದೆ. ನಾವು ದಿನಾ ರಸ್ತೆಯಲ್ಲಿ ಕಾಣುವ ಸೆಡಾನು, ಹ್ಯಾಚ್‌ಬ್ಯಾಕುಗಳೇ ಅಲ್ಲಿ ಬಂಪರ್ ಮುರಿದುಕೊಳ್ಳುತ್ತವೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಅವಕ್ಕೆ ಸಿಗುವುದು ಮೂಲೆಯ ನಾಲ್ಕು ಸಾಲು.

ತಾರ್ಕ್ವಿನಿ 2021ರ ಕೊನೆಗೆ, 59ನೇ ವಯಸ್ಸಿನಲ್ಲಿ, ರಷ್ಯಾದ ಸೋಚಿಯಲ್ಲಿ ಕೊನೆಯ ವಿಶ್ವಕಪ್ ರೇಸ್ ಓಡಿಸಿ ಹೆಲ್ಮೆಟ್ ಇಳಿಸಿದರು. ವರ್ಷ ಕಳೆಯುವುದರೊಳಗೆ ಆ ವಿಶ್ವಕಪ್ಪೂ ನಿಂತು, ಟಿಸಿಆರ್ ವರ್ಲ್ಡ್ ಟೂರ್ ಎಂಬ ಹೆಸರಿನಲ್ಲಿ ಬೇರೆ ರೂಪ ತಾಳಿತು. ಅವರು ಮನೆಗೆ ಹೋಗಲಿಲ್ಲ, ಬಿಆರ್‌ಸಿ ತಂಡದ ಆಡಳಿತದ ಕಡೆ ಬಂದರು. ಅಲ್ಲಿ ಅವರ ಸಹಚಾಲಕರಾಗಿದ್ದ ಹಂಗರಿಯ ನಾರ್ಬರ್ಟ್ ಮಿಖೆಲಿಸ್ ಕಂಪ್ಯೂಟರಿನ ರೇಸ್ ಆಟಗಳಲ್ಲಿ ಮಿಂಚಿ ನಿಜವಾದ ಟ್ರ್ಯಾಕಿಗೆ ಬಂದವರು. 2019ರ ವಿಶ್ವಕಪ್ ಗೆದ್ದರು, ಆಮೇಲೆ 2023 ಮತ್ತು 2024ರ ವರ್ಲ್ಡ್ ಟೂರ್ ಪಟ್ಟಗಳನ್ನೂ ಗೆದ್ದರು. ಮಧ್ಯದ 2020 ಮತ್ತು 2021ರ ವಿಶ್ವಕಪ್ ಎರಡನ್ನೂ ಒಯ್ದವರು ಯಾನ್ ಅರ್ಲಾಶೆ ಎಂಬ ಫ್ರೆಂಚ್ ಹುಡುಗ. ಎದುರಾಳಿ ಪಾಳಯವಾದ ಸಯಾನ್ ರೇಸಿಂಗ್ ತಂಡದ ಚಾಲಕ, ಇವಾನ್ ಮುಲ್ಲರ್ ಅವರ ಸೋದರಳಿಯ.